ಕಲ್ಲುಗಿಡದ ಸಿಪ್ಪೆ

ಗಡಿಯಾರ ರಿಪೇರಿ ಮಾಡುವ ಅವನು ನನ್ನ ಹಳೆಯ ಶಿಷ್ಯ. ಪರೀಕ್ಷೆಯಲ್ಲಿ ಸರಿಯಾದ ಉತ್ತರವನ್ನೇ ಬರೆದು, ಗಂಟೆ ಹೊಡೆಯುವ ಮುನ್ನ ಅನುಮಾನ ಬಂದು ಅಳಿಸಿಬಿಡುತ್ತಿದ್ದ. ಈಗ ತಲೆ ನರೆತಿದೆ. ಅನುಮಾನ ಮಾತ್ರ ನರೆತಿಲ್ಲ.

ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೊರಟ ಅವನ ಅಕ್ಕ, ತಾನು ಎಂಟು ವರ್ಷ ಸಾಕಿದ ಅಪರೂಪದ ಗಿಡವೊಂದನ್ನು ಅವನ ಕೈಗಿತ್ತಳು. ಗಿಡವೆಂದರೆ ನಂಬಬೇಕು, ಅಷ್ಟೆ. ಅಂಗೈಯಗಲದ ಕುಂಡದಲ್ಲಿ ಎರಡು ದಪ್ಪ ಎಲೆಗಳು, ನಡುವೆ ಒಂದು ಸೀಳು; ನೋಡಿದರೆ ಥೇಟ್ ಬೂದು ಬಣ್ಣದ ಬೆಣಚುಕಲ್ಲು.

"ನಾನು ಬರೋ ತನಕ ಒಂದು ತೊಟ್ಟು ನೀರೂ ಹಾಕಬೇಡ" ಎಂದಿದ್ದಳು.

ತಿಂಗಳು ತುಂಬುವುದರೊಳಗೆ ಎಲೆಗಳು ಸುಕ್ಕುಗಟ್ಟಿದವು. ಕುಂಡವನ್ನು ಎದೆಗವಚಿಕೊಂಡು ನನ್ನ ಮನೆಗೆ ಬಂದ.

"ಸಾರ್, ಇದು ಸಾಯ್ತಿದೆಯೋ ಬದುಕ್ತಿದೆಯೋ ಹೇಳಿ."

"ನಾನು ವ್ಯಾಕರಣದ ಮೇಷ್ಟ್ರು ಕಣಯ್ಯಾ. ಅಕ್ಕನ್ನೇ ಕೇಳಬಾರದೇ?"

"ಅವಳು ಅಳಬಾರದು ಅಂತ ಡಾಕ್ಟರು ಹೇಳಿದಾರೆ ಸಾರ್. ಇದು ಹೀಗಾಗಿದೆ ಅಂದ್ರೆ ಅತ್ತೇಬಿಡ್ತಾಳೆ."

ಅವನ ಮನೆಯಲ್ಲಿ ಹೆಂಡತಿಯದು ಬೇರೆಯೇ ರಾಗ. "ಬಾಯಾರಿದ್ದಕ್ಕೆ ನೀರು ಕೊಡೋಕೂ ಅಪ್ಪಣೆ ಬೇಕಾ? ನಿಮ್ಮಕ್ಕ ಬರೋ ಹೊತ್ತಿಗೆ ಒಣದ್ರಾಕ್ಷಿ ಆಗಿರತ್ತೆ ನೋಡ್ತಿರಿ." ಅವನು ಲೋಟ ಎತ್ತುವನು, ಇಳಿಸುವನು, ಕೊನೆಗೆ ಆ ನೀರನ್ನು ತಾನೇ ಕುಡಿದುಬಿಡುವನು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯಿಂದಲೇ ಆ ಸೀಳಿನೊಳಗೆ ಇಣುಕಿದ. ಅಲ್ಲಿ ಇನ್ನೊಂದು ಜೋಡಿ ಎಲೆ, ಹಸಿರಾಗಿ! ದಿನವೂ ನೋಡುತ್ತಾ ಹೋದಂತೆ ತಿಳಿಯಿತು: ಹೊಸದು ಉಬ್ಬಿದಷ್ಟೂ ಹಳೆಯದು ಬತ್ತುತ್ತಿತ್ತು, ಹಳೆಯದರ ನೀರೇ ಹೊಸದಕ್ಕೆ ಆಹಾರ. ಲೋಟ ಎತ್ತುವುದನ್ನು ಬಿಟ್ಟ. ಆದರೆ ಮರುವಾರವೇ ಮತ್ತೆ ನನ್ನ ಬಾಗಿಲಲ್ಲಿ ನಿಂತಿದ್ದ.

"ಸಾರ್, ಅಕ್ಕ ಕೊಟ್ಟ ಗಿಡ ಹೋಯ್ತಲ್ಲಾ? ಇದು ಬೇರೇದಲ್ವಾ? ಅವಳಿಗೆ ಯಾವುದನ್ನ ವಾಪಸ್ ಕೊಡ್ಲಿ?"

ಅಕ್ಕ ಬರಲಿ, ನೋಡೋಣ ಎಂದು ಸಾಗಹಾಕಿದೆ.

ಮೂರು ತಿಂಗಳ ಮೇಲೆ ಅಕ್ಕ ಬಂದಳು. ಧೈರ್ಯಕ್ಕೆಂದು ನನ್ನನ್ನೂ ಕರೆದೊಯ್ದ. ಒಂದು ಕೈಯಲ್ಲಿ ಕುಂಡ, ಇನ್ನೊಂದರಲ್ಲಿ ಗಡಿಯಾರದ ಬಿಡಿಭಾಗಗಳನ್ನಿಡುವ ತಗಡಿನ ಡಬ್ಬಿ. ಡಬ್ಬಿಯೊಳಗೆ, ಚಿಮಟದಿಂದ ನಾಜೂಕಾಗಿ ಬಿಡಿಸಿದ, ಹಳೆಯ ಎಲೆಗಳ ಕಾಗದದಂಥ ಒಣ ಸಿಪ್ಪೆ.

"ಇದನ್ಯಾಕೋ ಇಟ್ಕೊಂಡಿದ್ದೀಯ, ಪೆದ್ದ?"

"ನೀನು ಕೊಟ್ಟಿದ್ದು ಇದೇ ಅಲ್ವಾ ಅಕ್ಕಾ?"

ಅಕ್ಕ ಹೊಸ ಕನ್ನಡಕ ಸರಿಮಾಡಿಕೊಂಡು ಡಬ್ಬಿ ನೋಡಿದಳು, ಕುಂಡ ನೋಡಿದಳು, ಮತ್ತೆ ಡಬ್ಬಿ ನೋಡಿದಳು. ವರ್ಷವರ್ಷವೂ ಅಂಥ ಸಿಪ್ಪೆಯನ್ನು ಕಿತ್ತು ಎಸೆಯುತ್ತಿದ್ದವಳು ಅವಳೇ.

"ನಾನು ಎಂಟು ವರ್ಷದಿಂದ ಒಂದೇ ಗಿಡ ಸಾಕ್ತಿದೀನಿ ಅಂದ್ಕೊಂಡಿದ್ನಲ್ಲೋ!" ಎಂದು ನನ್ನ ಮುಖ ನೋಡಿದಳು. ಅವನೂ ನೋಡಿದ.

ನಾನು ಮೆಲ್ಲನೆ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಕುಂಡದ ಪಕ್ಕದಲ್ಲೇ ಇಟ್ಟೆ.