ಬೆಳಗಿನ ಹಾಲಿನ ಸಾಂದ್ರತೆ

1996ರ ಬೇಸಿಗೆ. ನಾನಾಗ ನಂಜನಗೂಡಿನ ಒಂದು ಹಾಲು ತಣಿಸುವ ಕೇಂದ್ರದಲ್ಲಿ ಕೆಮಿಸ್ಟ್. ಎಂಎಸ್ಸಿ ಕೆಮಿಸ್ಟ್ರಿ ಓದಿದವಳು ಹಾಲಿನ ಕ್ಯಾನು ಮೂಸುವ ಕೆಲಸಕ್ಕೆ ಸೇರಿದಳಲ್ಲ ಎಂದು ನಮ್ಮ ಮನೆಯಲ್ಲೇ ಆಡಿಕೊಂಡಿದ್ದರು. ಆಡಿಕೊಳ್ಳಲಿ ಬಿಡಿ, ನನಗೆ ಆ ಕೆಲಸ ಇಷ್ಟವಿತ್ತು. ಸುತ್ತಲ ಹಳ್ಳಿಗಳ ಹಾಲಿನ ಸಂಘಗಳಲ್ಲಿ ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದೂ ನನ್ನ ಪಾಲಿಗೆ ಬಂದಿತ್ತು. ನನ್ನ ಬಾಯಿ ಸ್ವಲ್ಪ ಜೋರು. ನಾನು ಬಸ್ಸಿಳಿದದ್ದು ಕಂಡರೆ ಸಂಘದ ಸೆಕ್ರೆಟರಿಗಳು ಮೊದಲು ಮೇಜು ಒರೆಸಲು ಶುರು ಮಾಡುತ್ತಿದ್ದರು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹೆಡತಲೆ ಕಡೆಯ ಒಂದು ಹಳ್ಳಿಯಿಂದ ಮಂಗಳಮ್ಮ ಎಂಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ನಲವತ್ತರ ಆಸುಪಾಸಿನ ವಯಸ್ಸು. ಸೆರಗಿನ ಮರೆಯಿಂದ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಇದ್ರಲ್ಲಿ ನೀರದಾ ನೋಡಿ ಏಳಿ ಮೇಡಮ್ಮಾರೆ. ಇಲ್ಲ ಅಂದ್ರೆ ನಮ್ಮ ಯಜಮಾನ್ರಿಗೆ ನೀವೇ ಒಂದು ಮಾತು ಏಳ್ಬೇಕು. ನಾನು ಏಳಿದ್ರೆ ನಂಬಾಕಿಲ್ಲ."

ಕೂರಿಸಿ, ನೀರು ಕೊಟ್ಟು, ವಿಷಯ ಕೇಳಿದೆ. ಅವರ ಮನೆಗೆ ಆ ವರ್ಷವಷ್ಟೇ ಒಂದು ಸೀಮೆ ಹಸು ಬಂದಿತ್ತು. ಹಾಲನ್ನು ಊರಿನ ಸಂಘಕ್ಕೆ ಹಾಕುತ್ತಿದ್ದರು. ಬೇಸಿಗೆ ಹತ್ತಿದ ಮೇಲೆ ಬೆಳಗಿನ ಹಾಲು ಮತ್ತೆ ಮತ್ತೆ ವಾಪಸಾಯಿತು. ನೀರು ಬೆರೆಸಿದ್ದಾರೆ ಎಂದು ಸೆಕ್ರೆಟರಿ ಸಿದ್ದರಾಜು ಎಲ್ಲರೆದುರೇ ಹೇಳಿಬಿಟ್ಟ. ಗಂಡ ಪುಟ್ಟಬಸಪ್ಪ ಊರಲ್ಲಿ ನ್ಯಾಯ ಹೇಳುವ ಮನುಷ್ಯ, ಮಠಕ್ಕೆ ನಡೆದುಕೊಳ್ಳುವವರು. ಅವರು ಸಂಘದ ಬಾಗಿಲಲ್ಲಿ ಕೈಮುಗಿದು ನಿಂತು, "ನಮ್ಮ ಎಂಗಸು ತಪ್ಪು ಮಾಡವ್ಳೆ, ಒಟ್ಟೆಗಾಕ್ಕೊಳ್ಳಿ" ಎಂದು ಊರಿನ ಕ್ಷಮೆ ಕೇಳಿದರಂತೆ. ಹೆಂಡತಿಯನ್ನು ಒಂದು ಮಾತೂ ಕೇಳಿರಲಿಲ್ಲ. ಮಾರನೆಯ ದಿನದಿಂದ ಆಕೆ ಕರೆದ ಹಾಲನ್ನು ಲಿಂಗಪೂಜೆಗೆ ಮುಟ್ಟದೆ, ಪಕ್ಕದ ಮನೆಯಿಂದ ತರಿಸಿಕೊಳ್ಳತೊಡಗಿದರು.

"ಒಡುದ್ರೂ ತಡ್ಕೋತಿದ್ದೆ" ಎಂದರು ಮಂಗಳಮ್ಮ. ಆಮೇಲೆ ಬಹಳ ಹೊತ್ತು ಅತ್ತರು.

ಡಬ್ಬಿಯ ಹಾಲನ್ನು ಪರೀಕ್ಷಿಸಿದೆ. ಚೆನ್ನಾಗಿತ್ತು. ಆದರೆ ಒಂದು ಡಬ್ಬಿ ಹಾಲು ಚೆನ್ನಾಗಿದ್ದ ಮಾತ್ರಕ್ಕೆ ವಾಪಸಾದ ಹಾಲೂ ಚೆನ್ನಾಗಿತ್ತು ಎನ್ನಲಾಗದು. ಊರಿಗೇ ಬಂದು ನೋಡುತ್ತೇನೆ ಎಂದೆ. ಅವರು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿದೆ, "ಸಂಜೆ ಹಾಲು ವಾಪಸ್ ಬಂದಿದೆಯಾ?"

"ಒಂದು ದಿನವೂ ಇಲ್ಲ ಕಣಮ್ಮ. ಅದ್ಕೇ ಊರೋರು ಅಂತಾರೆ, ಬೆಳಿಗ್ಗೆ ಗಂಡ ಪೂಜೆಗೆ ಕೂತಿರ್ತಾನೆ, ಇವ್ಳು ಬಾವಿ ತಾವ ಕೈ ತೋರಿಸ್ತಾಳೆ ಅಂತ."

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಒಂದು ಲೀಟರ್ ನೀರು ಹೆಚ್ಚುಕಮ್ಮಿ ಒಂದು ಕಿಲೋ ತೂಗಿದರೆ, ಒಂದು ಲೀಟರ್ ಹಸುವಿನ ಹಾಲು ಅದಕ್ಕಿಂತ ಇಪ್ಪತ್ತೆಂಟು ಗ್ರಾಂನಷ್ಟು ಹೆಚ್ಚು ತೂಗುತ್ತದೆ. ಇಷ್ಟು ಜಾಗದಲ್ಲಿ ಇಷ್ಟು ತೂಕ ಎನ್ನುವ ಈ ಲೆಕ್ಕವೇ ಸಾಂದ್ರತೆ. ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿ ದಟ್ಟ ಹಾಲಿನಲ್ಲಿ ಮೇಲೆ ತೇಲಿ ಇಪ್ಪತ್ತೆಂಟು ಎನ್ನುತ್ತದೆ, ನೀರು ಬೆರೆತರೆ ಕೆಳಗಿಳಿದು ಇಪ್ಪತ್ತನಾಲ್ಕೋ ಇಪ್ಪತ್ತೈದೋ ತೋರಿಸುತ್ತದೆ. ಆದರೆ ಬಿಸಿಯಾದಾಗ ಕಣಗಳು ದೂರ ಸರಿದು ಹಾಲು ಹಿಗ್ಗುತ್ತದೆ, ಸಾಂದ್ರತೆ ಇಳಿಯುತ್ತದೆ. ಆಗ ತಾನೇ ಕರೆದ ಹಾಲಿಗೆ ಹಸುವಿನ ಮೈಬಿಸಿ ಇರುತ್ತದೆ, ಜೊತೆಗೆ ನೊರೆಯ ಗಾಳಿ. ಅದಕ್ಕೇ ಕಡ್ಡಿಯ ಜೊತೆ ಥರ್ಮಾಮೀಟರ್ ಇಡಬೇಕು, ಹಾಲಿನ ಶಾಖ ನೋಡಿ ಅಂಕಿಯನ್ನು ತಿದ್ದಬೇಕು. ತಿದ್ದದೆ ಓದಿದರೆ ಕೆಚ್ಚಲಿನಿಂದ ನೇರ ಬಂದ ಅಪ್ಪಟ ಹಾಲೂ ನೀರು ಹಾಕಿದಂತೆಯೇ ಕಾಣುತ್ತದೆ.

ಕೆಲವು ದಿನ ಬಿಟ್ಟು ಬೆಳಗಿನ ಮೊದಲ ಬಸ್ಸಿಗೆ ಹೋದೆ. ಸಂಘದ ಥರ್ಮಾಮೀಟರ್ ಒಡೆದು ಎಷ್ಟೋ ಕಾಲವಾಗಿತ್ತು. "ಅದಿಲ್ದೆನೂ ನಡೀತದೆ ಮೇಡಂ, ಎಲ್ಲಾರ್ದೂ ಸರಿಯಾಗೇ ಬತ್ತದೆ" ಎಂದ ಸಿದ್ದರಾಜು. ಅವನನ್ನು ಅಲ್ಲೇ ತೊಳೆದು ಒಣಹಾಕಿದೆ. ಆದರೆ ಅವನ ಮಾತಿನಲ್ಲೇ ಉತ್ತರವಿತ್ತು. ಉಳಿದವರು ನಸುಕಿಗೇ ಕರೆದು, ದನ ಕಟ್ಟಿ, ಸಗಣಿ ಬಾಚಿ ಬರುವ ಹೊತ್ತಿಗೆ ಹಾಲು ತಣಿದಿರುತ್ತಿತ್ತು. ಪುಟ್ಟಬಸಪ್ಪನವರ ಮನೆಯ ಪದ್ಧತಿಯೇ ಬೇರೆ. ಅವರು ಪೂಜೆಗೆ ಕೂತು ಕೂಗಿ ಹೇಳಿದ ಮೇಲೇ ಮಂಗಳಮ್ಮ ಕೆಚ್ಚಲಿಗೆ ಕೈ ಹಾಕಬೇಕು. ಮೊದಲ ಬಟ್ಟಲು ಲಿಂಗಕ್ಕೆ ಆದ ಮೇಲೇ ಉಳಿದದ್ದು ಹೊಸಿಲು ದಾಟಬೇಕು. ಅಷ್ಟರಲ್ಲಿ ಸಂಘ ಬಾಗಿಲು ಹಾಕುವ ಹೊತ್ತು. ಮಂಗಳಮ್ಮ ನೊರೆಹಾಲನ್ನು ಹಾಗೇ ಎತ್ತಿಕೊಂಡು ಓಡುತ್ತಿದ್ದರು. ಪಕ್ಕದ ಮನೆಯಿಂದ ಪೂಜೆಗೆ ಹಾಲು ತರಿಸುವಂತಾದ ಮೇಲೂ ಈ ಕಟ್ಟಳೆ ಬದಲಾಗಿರಲಿಲ್ಲ. ಸಂಜೆ ಪೂಜೆಯಿಲ್ಲ, ಹೊತ್ತಿಗೆ ಮುಂಚೆ ಕರೆದು ಸರದಿಯಲ್ಲಿ ನಿಲ್ಲುತ್ತಿದ್ದರು.

ಈ ಸಂಗತಿ ಹೇಳಿ ಆಕೆಯ ಮುಖ ನೋಡಬೇಕೆಂದು ಮನೆಗೆ ಹೋದರೆ, ಮಂಗಳಮ್ಮ ಇರಲಿಲ್ಲ. ಹಿಂದಿನ ದಿನವೇ ಬನ್ನೂರಿನ ಅಣ್ಣನ ಮನೆಗೆ ಹೋಗಿದ್ದರು.

ಪಕ್ಕದ ಮನೆಯಾಕೆಯಿಂದ ಪುಟ್ಟಬಸಪ್ಪನವರ ಕಣ್ಣೆದುರೇ ಹಸು ಕರೆಸಿದೆ. ಸಿದ್ದರಾಜುವನ್ನೂ ಬರಹೇಳಿದ್ದೆ. ಬಿಸಿ ಹಾಲಿಗೆ ಕಡ್ಡಿ ಬಿಟ್ಟರೆ ಇಪ್ಪತ್ತೈದೂವರೆ. "ಈಗ ನೀರು ಹಾಕಿದ್ದು ಯಾರು, ನೀವಾ ನಾನಾ?" ಎಂದೆ. ಅದೇ ಹಾಲನ್ನು ನೆರಳಲ್ಲಿ ತಣ್ಣೀರಿನ ಬೋಸಿಯೊಳಗಿಟ್ಟು, ನೊರೆ ಇಳಿಯುವವರೆಗೆ ಕಾದು, ಮತ್ತೆ ಕಡ್ಡಿ ಬಿಟ್ಟೆ. ಇಪ್ಪತ್ತೆಂಟಕ್ಕೆ ನಿಂತಿತು. ಪುಟ್ಟಬಸಪ್ಪ ಜಗಲಿಯ ಮೇಲೆ ಕೂತುಬಿಟ್ಟರು. ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡು ಗಂಡಸು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆಮೇಲೆ ಎದ್ದು, "ಮೇಡಮ್ಮಾರೆ, ಬನ್ನೂರಿಗೆ ನೀವೂ ಬನ್ನಿ. ನಾನು ಒಬ್ನೇ ಓದ್ರೆ ಮಕ ಕೊಟ್ಟು ಮಾತಾಡಾಕಿಲ್ಲ" ಎಂದರು.

ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ನನಗೆ ಒಳಗೊಳಗೇ ಖುಷಿ. ಕೆಮಿಸ್ಟ್ರಿ ಓದಿದ್ದು ಸಾರ್ಥಕವಾಯಿತು, ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಮಂಗಳಮ್ಮ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಬಿಸಿ, ನೊರೆ, ಸಾಂದ್ರತೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪುಟ್ಟಬಸಪ್ಪ ಅಣ್ಣ ಅತ್ತಿಗೆಯರ ಎದುರೇ ಕೈಮುಗಿದು, "ನಂದೇ ತಪ್ಪು ಮಂಗಳಾ, ಬಾ, ಮನೆಗೆ ಓಗವಾ" ಎಂದರು.

ಆಕೆ ಮೊರ ಪಕ್ಕಕ್ಕಿಟ್ಟರು. ಕೋಪವೇನೂ ಇರಲಿಲ್ಲ ಆ ಮುಖದಲ್ಲಿ. ಗಂಡನನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು:

"ಮೇಡಮ್ಮಾರು ಬಂದು ಕಡ್ಡಿ ಬುಟ್ಟು ನೋಡಿದ್ರು, ಸರಿ. ಇವ್ರು ಬರ್ದೇ ಇದ್ದಿದ್ರೆ ನಾನು ಸಾಯೋಗಂಟ ನಿಮ್ಗೆ ಕಳ್ಳಿನೇ ಅಲ್ವಾ?"

ಪುಟ್ಟಬಸಪ್ಪ ಮುಗಿದ ಕೈ ಇಳಿಸಿದರು. ಕಾಫಿ ಕೊಟ್ಟರು, ಕುಡಿದೆವು. ಇಬ್ಬರೇ ವಾಪಸು ಬಂದೆವು.

ಆಮೇಲೆ ಸಂಘಗಳ ಪರೀಕ್ಷಕರಿಗೆ ತರಬೇತಿ ಕೊಡುವಾಗಲೆಲ್ಲ ಒಂದು ಮಾತು ತಪ್ಪದೆ ಹೇಳುತ್ತಿದ್ದೆ. ಕಡ್ಡಿ ತೋರಿಸುವುದು ಸಾಂದ್ರತೆಯನ್ನು, ಅದಕ್ಕೆ ನೀರೂ ಗೊತ್ತಿಲ್ಲ, ಕಳ್ಳತನವೂ ಗೊತ್ತಿಲ್ಲ. ಅಂಕಿ ಕಡಿಮೆ ಬಂದರೆ ಅಂಕಿ ಕಡಿಮೆ ಬಂದಿದೆ ಎನ್ನಿ. ಅಷ್ಟಕ್ಕೇ ನಿಲ್ಲಿಸಿ. ಶಾಖ ನೋಡಿ, ನೊರೆ ಇಳಿಯಲಿ, ಮತ್ತೊಮ್ಮೆ ಅಳೆಯಿರಿ. ಅಳತೆಯ ತಪ್ಪಿಗೆ ತಿದ್ದುಪಡಿ ಉಂಟು. ಬಾಯಿಂದ ಬಿದ್ದ ಮಾತಿಗೆ ಅಂಥ ತಿದ್ದುಪಡಿ ನಾನು ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಏಳೆಂಟು ವರ್ಷದ ಮೇಲೆ ಪುಟ್ಟಬಸಪ್ಪ ನಂಜನಗೂಡು ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ತೀರಾ ಇಳಿದುಹೋಗಿದ್ದರು. ಮಂಗಳಮ್ಮನನ್ನು ನೋಡಲು ಬನ್ನೂರಿಗೆ ಹೊರಟಿದ್ದೇನೆ ಎಂದರು.

"ಹೋದಾಗ ಚೆನ್ನಾಗಿ ನೋಡ್ಕೋತಾರಾ?" ಎಂದೆ.

"ಓ, ಅದಕ್ಕೇನು. ಕಾಲಿಗೆ ನೀರು ಕೊಡ್ತಾಳೆ. ನಂಗಿಷ್ಟ ಅಂತ ಉಪ್ಸಾರು ಮಾಡಿ ಉಣ್ಣಾಕಿಕ್ಕುತಾಳೆ. ಊರಿನ ಸುದ್ದಿಯೆಲ್ಲ ಕೇಳ್ತಾಳೆ."

"ಮನೆಗೆ ಬಾ ಅಂತ ಕರೆಯೋದಿಲ್ವಾ ನೀವು?"

"ಓದಾಗ್ಲೆಲ್ಲ ಕರೀತೀನಿ ಮೇಡಮ್ಮ" ಎಂದರು ಪುಟ್ಟಬಸಪ್ಪ. "'ಬಸ್ಸಿಗೆ ಒತ್ತಾಯ್ತು, ಎದ್ದೇಳಿ' ಅಂತಾಳೆ."