ಗುಡ್ಡದ ಒಳದಾರಿ ಮುಚ್ಚಿದ ವರ್ಷ

ಆ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಸುಟ್ಟುಹೋದ ಪಂಪಿನ ಮೋಟಾರಿನಿಂದ ಹಳೆಯ ತಂತಿ ಕಿತ್ತು ತೆಗೆಯುತ್ತಿದ್ದೆ. ಗಜೇಂದ್ರಗಡದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬರುವವರು ಸಾಮಾನ್ಯವಾಗಿ ಪಂಪು ಹೊತ್ತುಕೊಂಡೇ ಬರುತ್ತಾರೆ. ಈಕೆಯ ಕೈಯಲ್ಲಿ ಏನೂ ಇರಲಿಲ್ಲ. ಮೊಣಕಾಲಿನವರೆಗೆ ಕೆಂಪು ರಾಡಿ ಮೆತ್ತಿತ್ತು.

“ಸೈಕಲ್ ಸಂಘದ ಅಧ್ಯಕ್ಷರಂದ್ರ ನೀವ ಏನ್ರಿ?”

“ಹೌದ್ರಿ ಯವ್ವಾ. ಬರ್ರಿ, ಕುಂಡ್ರಿ.”

“ಕುಂಡ್ರಾಕ ಬಂದಿಲ್ಲ. ನಿಮ್ಮ ಸೈಕಲ್ ಹಾದಿ ನನ್ನ ಹೊಲದಾಗ ಬಂದು ಬಿದ್ದೈತಿ. ಎದ್ದು ಬರ್ರಿ, ತೋರಸ್ತೀನಿ.”

ಅಂಗಡಿಗೆ ಬಾಗಿಲು ಹಾಕಿ ಅವಳ ಹಿಂದೆ ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಯಾವ ಗಳಿಗೆಯಲ್ಲಿ ಈ ಅಧ್ಯಕ್ಷಗಿರಿ ನನ್ನ ಕೊರಳಿಗೆ ಬಿತ್ತೋ!

ಅಧ್ಯಕ್ಷನಾಗಬೇಕೆಂದು ನಾನು ಯಾರನ್ನೂ ಕೇಳಿಕೊಂಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಬಂತು. ದಿನಾಲೂ ಮೈ ಬೆವರಬೇಕು ಎಂದು ಡಾಕ್ಟರು ಹೇಳಿದರು. ನಡೆಯುವುದಕ್ಕೆ ಬೇಸರವಾಗಿ ಗೇರಿನ ಸೈಕಲ್ಲು ಕೊಂಡೆ. ನನ್ನ ಅಂಗಡಿಯ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿರುವ ಗೆಳೆಯ, ನನ್ನೊಂದಿಗೆ ಸಾಲಿ ಕಲಿತವನು, ನನ್ನನ್ನು ನೋಡಿ ನಗುತ್ತಲೇ ತಾನೂ ಒಂದು ಕೊಂಡ. ಇಬ್ಬರೂ ಬೆಳಿಗ್ಗೆ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳ ಕೆಳಗೆ ಸುತ್ತುತ್ತಿದ್ದೆವು. ಅಲ್ಲೊಂದು ಹಳೆಯ ಕುರಿಹಾದಿ ಸಿಕ್ಕಿತು. ಗುಡ್ಡದ ನೆತ್ತಿಯಿಂದ ಪುರ್ತಗೇರಿ ಕಡೆಗೆ ಬಳಸಿ ಬಳಸಿ ಇಳಿಯುತ್ತಿತ್ತು. ಕುರುಬರು ಹಿಂಡು ಹೊಡೆದುಕೊಂಡು ಬೇರೆ ಕಡೆ ಹೋಗತೊಡಗಿದ ಮೇಲೆ ಅದು ಜಾಲಿಕಂಟಿಯಲ್ಲಿ ಮುಚ್ಚಿಹೋಗಿತ್ತು. ನಾವು ಕೊಡಲಿ, ಸಲಿಕೆ ಹಿಡಿದು ಒಂದಿಡೀ ಚಳಿಗಾಲ ಅದನ್ನು ಬಿಡಿಸಿದೆವು. ಯಾರೋ ಅಲ್ಲಿಯ ಫೋಟೋ ಫೋನಿನಲ್ಲಿ ಹಾಕಿದರು. ರೋಣದಿಂದ ಬಂದರು, ನರಗುಂದದಿಂದ ಜೀಪಿನ ಮೇಲೆ ಸೈಕಲ್ಲು ಕಟ್ಟಿಕೊಂಡು ಬಂದರು. ಗುಂಪಾಯಿತು. ಗುಂಪಿಗೊಂದು ಹೆಸರಾಯಿತು. ಒಂದು ಭಾನುವಾರ ಎಲ್ಲರೂ ಚಹಾ ಕುಡಿಯುತ್ತ, “ಹಿರಿಯರು ನೀವ ಇದ್ದೀರಿ, ನೀವ ಅಧ್ಯಕ್ಷರಾಗ್ರಿ” ಎಂದರು. ನನಗೂ ಒಳಗೊಳಗೇ ಖುಷಿಯಾಗಿತ್ತು ಎನ್ನುವುದು ಸುಳ್ಳಲ್ಲ.

ಆಮೇಲೆ ಗೊತ್ತಾಯಿತು. ಸೈಕಲ್ಲು ಹೊಡೆಯುವ ಭಾನುವಾರ ಎಂದು ಫೋನಿನ ಗುಂಪಿಗೆ ತಿಳಿಸಿದರೆ ಹೆಬ್ಬೆರಳ ಚಿತ್ರಗಳ ಮಳೆ. ಹಾದಿ ರಿಪೇರಿಯ ಭಾನುವಾರ ಎಂದರೆ ಒಬ್ಬರಿಗೆ ಬೀಗರ ಮನೆಯ ಕಾರ್ಯ, ಇನ್ನೊಬ್ಬರಿಗೆ ಸೊಂಟ ನೋವು. ಆದರೆ ಹಾದಿ ಯಾರ ಸೊಂಟವನ್ನೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಜಾಲಿಮುಳ್ಳು ಒಣಗಿ ಉದುರಿ ಟಯರಿಗೆ ಚುಚ್ಚುತ್ತದೆ, ಅದನ್ನು ಗುಡಿಸಿ ತೆಗೆಯಬೇಕು. ಮುಂಗಾರಿನಲ್ಲಿ ನೀರು ಕೊರೆಯುತ್ತದೆ, ತುಂಬಬೇಕು. ಶ್ರಾವಣ ಬಂತೆಂದರೆ ಹುಲ್ಲು ಗಾಲಿಯ ಎತ್ತರಕ್ಕೆ ಏಳುತ್ತದೆ, ಒಳಗೆ ಕಲ್ಲಿದೆಯೋ ಹಾವಿದೆಯೋ ಕಾಣುವುದಿಲ್ಲ. ಕೊಯ್ದು ಮುಗಿಸುವಷ್ಟರಲ್ಲಿ ಹಿಂಗಾರಿ ಮಳೆ. ಇಷ್ಟೆಲ್ಲ ಕೆಲಸಕ್ಕೂ ಹೆಚ್ಚಿನ ದಿನ ನಾನು ಮತ್ತು ವೆಲ್ಡಿಂಗ್ ಗೆಳೆಯ, ಇಬ್ಬರೇ.

ಗುಡ್ಡದ ಬುಡದಲ್ಲಿದ್ದ ಅವಳ ಹೊಲ ತಲುಪಿದೆವು. ಹಿಂದಿನ ಸಂಜೆ ಸುರಿದ ಮಳೆಗೆ ಗುಡ್ಡದ ನೀರು ನೇರ ಬಂದು ಬದುವನ್ನು ಒಡೆದು ನುಗ್ಗಿತ್ತು. ಆಗಷ್ಟೇ ಮೊಳೆತು ಎರಡೆಲೆ ಬಿಟ್ಟಿದ್ದ ಶೇಂಗಾ ಸಾಲುಗಳ ನಡುವೆ ಅಗಲವಾದ ಪಟ್ಟಿಯಷ್ಟು ಜಾಗದಲ್ಲಿ ಕಲ್ಲು, ಮರಳು. ಅಲ್ಲೊಂದು ಇಲ್ಲೊಂದು ಸಸಿ ಬೇರು ಮೇಲಾಗಿ ಬಿದ್ದಿತ್ತು.

“ನಾನು ಈ ಮನಿಗೆ ಸೊಸಿಯಾಗಿ ಬಂದಾಗಿಂದ ನೋಡೀನಿ, ಗುಡ್ಡದ ನೀರು ಆ ಕಡೆ ಹಳ್ಳಕ್ಕ ಹೋಗತಿತ್ತು” ಎಂದಳು. “ಈ ಸಲ ಇಲ್ಲಿ ಬಂದೈತಿ. ಮ್ಯಾಲೆ ನೋಡ್ರಿ ನೀವ.”

ಮೇಲೆ ನೋಡಿದೆ. ನಮ್ಮ ಬಳಸು ಹಾದಿಯನ್ನು ಅಡ್ಡಡ್ಡ ಕತ್ತರಿಸಿ, ನೆತ್ತಿಯಿಂದ ಬುಡದವರೆಗೆ ನೇರವಾಗಿ ಒಂದು ಕೆಂಪು ಗೆರೆ ಇಳಿದಿತ್ತು. ಅದು ತಿರುವು ತಪ್ಪಿಸಿ ಇಳಿಯುವ ಒಳದಾರಿ. ಆ ಗೆರೆಯನ್ನು ನೋಡಿದ್ದೇ ನನ್ನ ಕಿವಿ ಬಿಸಿಯಾಯಿತು.

ಅದನ್ನು ಎಳೆದವರು ಯಾರೆಂದು ನನಗೆ ಗೊತ್ತಿತ್ತು. ನಮ್ಮ ಗುಂಪಿನಲ್ಲಿ ರೋಣದ ಕಾಲೇಜೊಂದರ ಉಪನ್ಯಾಸಕರೊಬ್ಬರಿದ್ದರು. ಪ್ರಾಯದವರು, ಸೈಕಲ್ಲು ಚೆನ್ನಾಗಿ ಹೊಡೆಯುತ್ತಿದ್ದರು, ಮಾತೂ ಬಲ್ಲವರು. ನಮ್ಮ ತಿರುವುಗಳಲ್ಲಿ ಬ್ರೇಕು ಹಿಡಿಯಬೇಕಾಗುತ್ತದೆ, ಮಜಾ ಹೋಗುತ್ತದೆ ಎಂದು ಅವರು ಹೇಳುತ್ತಲೇ ಇದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಅವರೂ ಅವರ ಜೊತೆಯವರೂ ತಿರುವುಗಳನ್ನು ಬಿಟ್ಟು ನೇರ ಇಳಿಯತೊಡಗಿದರು. ನಾನೂ ಗೆಳೆಯನೂ ಆ ದಾರಿಯ ಬಾಯಿಗೆ ಜಾಲಿಮುಳ್ಳು ಹಚ್ಚಿದೆವು, ಅದನ್ನು ಸರಿಸಿದರು. ಕಲ್ಲು ಇಟ್ಟೆವು, ಅದನ್ನೇ ಹಾರುವ ದಿಬ್ಬ ಮಾಡಿಕೊಂಡರು. ಗುಂಪಿನಲ್ಲಿ ನಾನು ಬರೆದ ಮಾತಿಗೆ ಬಂದ ಉತ್ತರ ಕೈಮುಗಿದ ಚಿತ್ರವೊಂದೇ. ಗಾಲಿ ಉಜ್ಜಿ ಉಜ್ಜಿ ಹುಲ್ಲು ಸತ್ತು ಮಣ್ಣು ಸಡಿಲಾಯಿತು. ಉಳಿದದ್ದನ್ನು ಮಳೆ ಮುಗಿಸಿತು.

“ಯವ್ವಾ, ಅದು ನಾನು ಮಾಡಿದ್ದಲ್ಲ” ಎಂದೆ.

“ಅಧ್ಯಕ್ಷರು ನೀವ ಅಲ್ಲೇನು?”

“ಹೌದ್ರಿ.”

“ಮತ್ತ?”

ಫೋನು ತೆಗೆದು ಹೊಲದ ಫೋಟೋ ಹೊಡೆದುಕೊಂಡೆ.

ಮುಂದಿನ ಭಾನುವಾರ ರಾಜೂರಿನ ಚಹಾದಂಗಡಿಯಲ್ಲಿ ಎಲ್ಲರನ್ನೂ ಸೇರಿಸಿದೆ. ಹೊಲದ ಫೋಟೋ ತೋರಿಸಿದೆ. ಒಳದಾರಿ ಮುಚ್ಚಬೇಕು, ನೀರನ್ನು ಮತ್ತೆ ಹಳ್ಳಕ್ಕೆ ತಿರುಗಿಸಬೇಕು, ಅದಕ್ಕೆ ಎಲ್ಲರೂ ಬರಬೇಕು ಎಂದೆ. ಉಪನ್ಯಾಸಕರು ಚಹಾದ ಕಪ್ಪು ಕೆಳಗಿಟ್ಟರು.

“ಸರ್, ಮಳಿ ಜೋರು ಆದ್ರ ನೀರು ಎಲ್ಲಿ ಬೇಕಾದ್ರೂ ಹೋಗತೈತ್ರಿ. ನಮ್ಮ ಮ್ಯಾಲೆ ಯಾಕ ಹಾಕ್ಕೊಂತೀರಿ?”

“ನೀವ ಒಂದ್ಸಲ ಹೊಲ ನೋಡಿ ಬರ್ರಿ.”

“ನೋಡೂದೇನೈತ್ರಿ? ಈ ಸುತ್ತಿನಾಗ ಅದ ಒಂದು ಚಲೋ ಇಳಿಜಾರು. ಅದನ್ನ ಮುಚ್ಚಿದ್ರ ಹುಬ್ಬಳ್ಳಿಯವರು, ಹೊರಗಿನವರು ಯಾಕ ಬರ್ತಾರ ಇಲ್ಲಿ? ಯಾರರ ಬಂದು ಒದರಿದ ಕೂಡ್ಲೆ ಹೆದರೂದಾದ್ರ ಕ್ಲಬ್ ಯಾಕ ನಡಸಬೇಕು?”

ನನ್ನ ಗೆಳೆಯ ಸಾಮಾನ್ಯವಾಗಿ ಸಭೆಯಲ್ಲಿ ಬಾಯಿ ಬಿಡುವವನಲ್ಲ. ಅವತ್ತು ಎದ್ದು ನಿಂತ. “ಹೆದರಿಲ್ರಿ ಸಾಹೇಬ್ರ. ಆಕಿ ಬಿತ್ತಿದ್ದು ಹೋತು. ನಿಮ್ಮದೇನು ಹೋತು ಹೇಳ್ರಿ.”

ಜಗಳ ಬೆಳೆಯಿತು. ನರಗುಂದದ ಔಷಧದಂಗಡಿಯವರೊಬ್ಬರು ಮಾತ್ರ ತಾವು ಬರುವುದಾಗಿ ಹೇಳಿದರು. ಉಳಿದವರು ನೆಲ ನೋಡಿದರು, ಫೋನು ನೋಡಿದರು. ಸಭೆ ಮುಗಿದಾಗ ಉಪನ್ಯಾಸಕರ ಕಡೆಯವರು ಹೆಲ್ಮೆಟ್ ಹಾಕಿಕೊಂಡು ಗುಡ್ಡದ ಕಡೆಗೇ ಹೊರಟರು.

ಮುಚ್ಚುವ ಕೆಲಸಕ್ಕೆ ನಾವು ಮೂವರು. ಗುಡ್ಡದ ಕಲ್ಲನ್ನೇ ಆಯ್ದು ಒಳದಾರಿಗೆ ಅಡ್ಡವಾಗಿ ಅಲ್ಲಲ್ಲಿ ಮೊಣಕಾಲೆತ್ತರದ ಒಡ್ಡು ಹಾಕುತ್ತ ಇಳಿದೆವು. ಒಡ್ಡಿನ ಬದಿಗೆ ಕಾಲುವೆ ತೋಡಿ ನೀರನ್ನು ಹಳ್ಳದ ಕಡೆಗೆ ಬಿಟ್ಟೆವು. ಮೈಮುರಿಯುವ ಕೆಲಸ. ಭಾನುವಾರ ಸಾಲದೆ ನಾನು ವಾರದ ನಡುವೆಯೂ ಅಂಗಡಿ ಅರ್ಧ ಮುಚ್ಚಿ ಹೋಗುತ್ತಿದ್ದೆ. ಮೋಟಾರು ಬಿಟ್ಟು ಹೋದ ರೈತರು ಮನೆಯ ಬಾಗಿಲಿಗೆ ಬಂದು ಹೆಂಡತಿಯನ್ನು ಕೇಳುತ್ತಿದ್ದರು. ಅವಳು ಒಂದು ಸಂಜೆ ನನ್ನ ಅಂಗೈಯ ಬೊಬ್ಬೆಗಳಿಗೆ ಎಣ್ಣೆ ಹಚ್ಚುತ್ತ, “ನಿಮ್ಮ ಸಕ್ಕರಿ ಇಳದೈತೋ ಇಲ್ಲೋ ಗೊತ್ತಿಲ್ಲ, ನನ್ನ ಬಿಪಿ ಮಾತ್ರ ಏರೈತಿ” ಎಂದಳು. ನಗು ಬರಲಿಲ್ಲ ನನಗೆ.

ಹೊಲದಾಕೆ ದಿನಾಲೂ ಕೆಳಗಿನಿಂದ ನೋಡುತ್ತಿದ್ದಳು. ಮೊದಲೆರಡು ದಿನ ಹತ್ತಿರ ಬರಲಿಲ್ಲ. ಒಂದು ಮಧ್ಯಾಹ್ನ ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಕೆಂಪು ಚಟ್ನಿ ತಂದಿಟ್ಟಳು. “ನನ್ನ ಸಿಟ್ಟು ಇಳದಿಲ್ಲ” ಎಂದು ಸ್ಪಷ್ಟವಾಗಿ ಹೇಳಿ, “ಉಣ್ರಿ ಮತ್ತ” ಎಂದಳು. ಮರುದಿನದಿಂದ ತಾನೂ ಕಲ್ಲು ಹೊತ್ತಳು. ಎಲ್ಲ ಮುಗಿದ ಮೇಲೆ ಒಳದಾರಿಯ ಬಾಯಿಗೆ ಮತ್ತೆ ಮುಳ್ಳು ಹಚ್ಚಿದೆವು. ಗೆಳೆಯ ತಗಡಿನ ಬೋರ್ಡು ಮಾಡಿ, ಹಾದಿ ಮುಚ್ಚಿದೆ ಎಂದು ಕೆಂಪು ಬಣ್ಣದಲ್ಲಿ ಬರೆದು ಗುಡ್ಡದ ನೆತ್ತಿಯ ಮೇಲೆ ನೆಟ್ಟ. ಗುಂಪಿಗೂ ನಾನು ಫೋಟೋಸಮೇತ ಬರೆದು ಹಾಕಿದೆ.

ಕೆಲವು ವಾರ ಕಳೆದವು. ಶ್ರಾವಣದ ಒಂದು ಬೆಳಿಗ್ಗೆ ನಾನು ಮೇಲಿನ ತಿರುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದೆ. ನೆತ್ತಿಯ ಕಡೆಯಿಂದ ಮುಳ್ಳು ಎಳೆಯುವ ಸಪ್ಪಳ ಕೇಳಿಸಿತು. ಎದ್ದು ಕೂಗುವಷ್ಟರಲ್ಲಿ ಉಪನ್ಯಾಸಕರು ನನ್ನ ಪಕ್ಕದಿಂದಲೇ ಬಾಣದಂತೆ ಕೆಳಗೆ ಹೋದರು. ಮೊದಲ ಒಡ್ಡನ್ನು ಹಾರಿದರು. ಎರಡನೆಯದು ಹುಲ್ಲಿನಲ್ಲಿ ಮರೆಯಾಗಿತ್ತು. ಮುಂದಿನ ಗಾಲಿ ಅದಕ್ಕೆ ಹೊಡೆದು ಸೈಕಲ್ಲು ನಿಂತಿತು, ಅವರು ನಿಲ್ಲಲಿಲ್ಲ.

ಓಡಿದೆ. ಅವರು ಬದಿಗೆ ಬಿದ್ದು ಹೆಗಲು ಹಿಡಿದುಕೊಂಡು ನರಳುತ್ತಿದ್ದರು. ಪ್ರಜ್ಞೆ ಇತ್ತು. ಬಾಯಿಂದ ಬಂದ ಮೊದಲ ಮಾತು, “ಇಲ್ಲಿ ಕಲ್ಲು ಯಾರು ಇಟ್ರು?”

ಅವರನ್ನು ಅಲ್ಲೇ ಬಿಟ್ಟು ಹೋಗಬೇಕು ಎನಿಸಿತು. ಖರೇ ಹೇಳುತ್ತೇನೆ, ಒಂದು ಕ್ಷಣ ಹಾಗೇ ಅನಿಸಿತು. ಅಷ್ಟರಲ್ಲಿ ಹೊಲದಾಕೆ ಕೂಗು ಕೇಳಿ ಏದುಸಿರು ಬಿಡುತ್ತ ಹತ್ತಿ ಬಂದಳು. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಅವರ ತೋಳನ್ನು ಎದೆಗೆ ಕಟ್ಟಿದಳು. ಅವಳೂ ನಾನೂ ಎರಡೂ ಕಡೆ ಹಿಡಿದು, ಕೂಡಿಸಿ, ನಿಲ್ಲಿಸಿ, ಮೆಲ್ಲಗೆ ರಸ್ತೆಗೆ ಇಳಿಸಿದೆವು. ನಾನು ಫೋನು ಮಾಡಿದ್ದಕ್ಕೆ ಗೆಳೆಯ ತನ್ನ ಮೂರು ಗಾಲಿಯ ಟಂಟಂ ಗಾಡಿ ತಂದ. ಗಾಡಿ ಹತ್ತಿಸುವಾಗ ಅವಳು ನನ್ನನ್ನು ಬದಿಗೆ ಕರೆದಳು. ಅವಳ ಮುಖ ಬಾಡಿತ್ತು.

“ಆ ಕಲ್ಲು ನಾನೂ ಹೊತ್ತೀನಲ್ರಿ. ಇವರ ಮನ್ಯಾಗಿನವರು ಬಂದು ನನಗ ಏನರ ಅಂತಾರೇನು?”

“ಯಾರೂ ಏನೂ ಅನ್ನಂಗಿಲ್ಲ. ಅಂದ್ರ ನಾನು ಅದೀನಿ” ಎಂದೆ.

ದವಾಖಾನೆಯಲ್ಲಿ ಕೊರಳ ಬಳಿಯ ಎಲುಬು ಮುರಿದಿದೆ ಎಂದರು. ಅವರ ಹೆಂಡತಿ ಬರುವವರೆಗೆ ನಾನು ಬೆಂಚಿನ ಮೇಲೆ ಕೂತಿದ್ದೆ. ಮಧ್ಯಾಹ್ನ ಮನೆಗೆ ಬಂದು ಫೋನು ತೆಗೆದರೆ ಗುಂಪಿನಲ್ಲಿ ನನ್ನದೇ ಸುದ್ದಿ. ಸದಸ್ಯರು ಬೀಳಲಿ ಎಂದೇ ಅಧ್ಯಕ್ಷರು ಗೋಡೆ ಕಟ್ಟಿದ್ದಾರೆ. ಕ್ಲಬ್ಬು ಯಾರೊಬ್ಬರ ಸ್ವಂತದ್ದಲ್ಲ. ಬೋರ್ಡಿನ ಮಾತು ಒಬ್ಬರೂ ಎತ್ತಿರಲಿಲ್ಲ. ಹೆಂಡತಿ ಅದನ್ನೆಲ್ಲ ಓದಿ, “ಇವರ ಸಲುವಾಗಿ ಹುಲ್ಲು ಕೊಯ್ಯಾಕ ಹೋಗಿದ್ರೇನು ನೀವು?” ಎಂದು ಕೇಳಿದಳು.

ಅಂದೇ ಬರೆದೆ: ನಾಳೆಯಿಂದ ನಾನು ಅಧ್ಯಕ್ಷನಲ್ಲ, ಬೇಕಾದವರು ತೆಗೆದುಕೊಳ್ಳಿ.

ಕೆಲವರು ಗುಂಪು ಬಿಟ್ಟು ನರಗುಂದದ ಗುಡ್ಡದಲ್ಲಿ ಬೇರೆ ಗುಂಪು ಕಟ್ಟಿದರು. ಉಳಿದವರಲ್ಲಿ ಯಾರೂ ಅಧ್ಯಕ್ಷಗಿರಿ ತೆಗೆದುಕೊಳ್ಳಲಿಲ್ಲ. ಹೋಗಬೇಡಿ ಎಂದೂ ಹೇಳಲಿಲ್ಲ. ವಾರದ ಮೇಲೆ ಒಬ್ಬರು ಬರೆದರು: “ಸರ್, ಈ ಸಂಡೇ ರೈಡ್ ಐತೇನ್ರಿ?” ನಾನು ಫೋನನ್ನು ಹಾಸಿಗೆಯ ಮೇಲೆ ಎಸೆದೆ.

ಗುಡ್ಡಕ್ಕೆ ಹೋಗಬಾರದು ಎಂದುಕೊಂಡೇ ಒಂದು ತಿಂಗಳು ತಳ್ಳಿದೆ. ಹಿಂಗಾರಿಯಲ್ಲಿ ಒಂದು ಸಂಜೆ ಎಡೆಬಿಡದೆ ಸುರಿಯತೊಡಗಿತು. ಅಂಗಡಿಯಲ್ಲಿ ಕೂತವನಿಗೆ ಕೈ ಓಡಲಿಲ್ಲ. ಶೇಂಗಾ ಕೀಳುವ ಕಾಲ. ಪಕ್ಕಕ್ಕೆ ಹೋದರೆ ಗೆಳೆಯ ಆಗಲೇ ಗೋಣಿತಾಟನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದ. “ನಡಿ, ಲಗೂ” ಎಂದ. ಇಬ್ಬರೂ ಸಲಿಕೆ ಹಿಡಿದು ಹೋದೆವು. ಒಡ್ಡುಗಳು ನಿಂತಿದ್ದವು. ಒಂದು ಮಾತ್ರ ಬಾಯಿಬಿಟ್ಟು ನೀರು ನೇರ ಇಳಿಯತೊಡಗಿತ್ತು. ಕೆಳಗಿನಿಂದ ಹೊಲದಾಕೆಯೂ ಬಂದಳು. ಮೂವರೂ ಸೇರಿ ಕಲ್ಲು ಒಟ್ಟಿ, ಮಣ್ಣು ತುಂಬಿ ನೀರನ್ನು ಹಳ್ಳದ ಕಡೆ ತಳ್ಳಿದೆವು. ಬದು ತುಸು ಕುಸಿಯಿತು, ಉಳಿದ ಬೆಳೆ ಉಳಿಯಿತು. ಮುಂಗಾರಿನಲ್ಲಿ ಹೋದದ್ದು ಹೋದದ್ದೇ. ಅದನ್ನು ಅವಳು ಈಗಲೂ ನೆನಪಿಸುತ್ತಾಳೆ.

ಹೀಗೆ ಮತ್ತೆ ಹಾದಿಗೆ ಬಿದ್ದೆ. ಅಧ್ಯಕ್ಷ ಎಂದು ಯಾರೂ ಕರೆಯುವುದಿಲ್ಲ, ಕರೆದರೆ ನಾನು ಓ ಎನ್ನುವುದಿಲ್ಲ. ಕೆಲಸ ಮಾತ್ರ ಅದೇ.

ಚಳಿಗಾಲದ ಒಂದು ಭಾನುವಾರ ಉಪನ್ಯಾಸಕರು ಬಂದರು. ಎಲುಬು ಕೂಡಿತ್ತು, ಭಾರ ಎತ್ತುವಂತಿರಲಿಲ್ಲ. “ಏನರ ಮಾಡ್ತೀನ್ರಿ” ಎಂದರು. ಚೂರುಗಲ್ಲನ್ನು ಒಂದು ಕೈಯಲ್ಲಿ ಬುಟ್ಟಿಗೆ ತುಂಬಿದರು. ಸ್ವಲ್ಪ ಹೊತ್ತಿನ ಮೇಲೆ ಸಲಿಕೆ ಹಿಡಿದು ನಿಂತು, ನನ್ನ ಗೆಳೆಯನ ಕೈಯಲ್ಲಿ ಫೋಟೋ ತೆಗೆಸಿಕೊಂಡು ಹೊರಟರು. ನಾವು ಮನೆ ಮುಟ್ಟುವಷ್ಟರಲ್ಲಿ ಆ ಫೋಟೋ ಫೋನಿನಲ್ಲಿ ಬಂದಿತ್ತು. ನಮ್ಮ ತಂಡದ ಶ್ರಮ ಎಂದು ಬರೆದಿದ್ದರು. ಕೆಳಗೆ ಚಪ್ಪಾಳೆಗಳು.

“ಬಿಡೋ” ಎಂದ ಗೆಳೆಯ, “ಒಂದು ಬುಟ್ಟಿ ಕಲ್ಲರ ತುಂಬ್ಯಾನ.”

ನನಗೆ ಬಿಡಲಾಗಲಿಲ್ಲ. ಅವರಿಗೆ ಫೋನು ಹಚ್ಚಿದೆ. ಬೈಯಬೇಕೆಂದೇ ಹಚ್ಚಿದ್ದು. ಅವರ ದನಿ ಕೇಳಿದ ಮೇಲೆ ಬೇರೆಯೇ ಮಾತು ಬಂತು. “ಮುಂದಿನ ಐತವಾರ ಕೆಳಗಿನ ತಿರುವಿನಾಗ ಕೆಲಸ ಐತ್ರಿ. ಜಾಲಿ ಕಡೀಬೇಕು. ಬರ್ರಿ.”

“ನೋಡ್ತೀನ್ರಿ ಸರ್” ಎಂದರು.

ಅವರು ಬರಲಿಲ್ಲ. ನಾನೂ ಗೆಳೆಯನೂ ಮಧ್ಯಾಹ್ನದವರೆಗೆ ಜಾಲಿ ಕಡಿದೆವು. ನನ್ನ ಹಿಮ್ಮಡಿಗೆ ಮುಳ್ಳು ಮುರಿಯಿತು. ಮನೆಗೆ ಬಂದು ಹೆಂಡತಿಯ ಎದುರು ಕಾಲು ಚಾಚಿ ಕೂತೆ. ಅವಳು ಸೂಜಿಯಿಂದ ಮುಳ್ಳು ಬಿಡಿಸುವಷ್ಟು ಹೊತ್ತೂ ಗುಂಪಿನವರೆಲ್ಲರನ್ನೂ ಒಬ್ಬೊಬ್ಬರಾಗಿ ಬೈದೆ. ಅವಳು ತಡೆಯಲಿಲ್ಲ.