ಮೂರು ದಾರಿಯ ನಿಂಬೆಹಣ್ಣು

ಶಹಾಪುರದಿಂದ ನಮ್ಮೂರು ಗೋಗಿಗೆ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ವಿಜ್ಞಾನದ ಟೀಚರ್ ಯಾವ ಪ್ರಶ್ನೆಗೂ ಮೊದಲೇ ಉತ್ತರ ಕೊಟ್ಟವರಲ್ಲ. ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸುತ್ತ, “ನನಗೇನ್ ಗೊತ್ತು? ಮಾಡಿ ನೋಡೂಣು” ಎನ್ನುತ್ತಿದ್ದರು. ಗೊತ್ತಿದ್ದೂ ಹಾಗನ್ನುತ್ತಾರೆಂದು ನಮಗೆ ಸಿಟ್ಟು.

ಒಂದು ಅಮಾವಾಸ್ಯೆಯ ಮರುದಿನ ಅವರು ಮೇಜಿನ ಮೇಲೆ ಪ್ಲಾಸ್ಟಿಕ್ ಬಾಟಲಿ, ಭಜಿ ಹಿಟ್ಟಿಗೆ ಹಾಕುವ ಸೋಡಾ ಪುಡಿ, ಕುಂಕುಮ ಹಚ್ಚಿದ ಮೂರು ನಿಂಬೆಹಣ್ಣು ಇಟ್ಟರು. ಮುಂದಿನ ಬೆಂಚಿನವರು ಹಿಂದಕ್ಕೆ ಸರಿದರು. ಯಾರೋ ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಎಸೆದಿದ್ದ ಹಣ್ಣುಗಳವು. ಬೆಳಿಗ್ಗೆ ನಾವೆಲ್ಲ ಅವನ್ನು ದಾಟದೆ ಸುತ್ತುಹಾಕಿ ಬಂದಿದ್ದೆವು.

“ಮುಟ್ಟಬ್ಯಾಡ್ರಿ ಟೀಚರ್, ಏನರ ಆಗ್ತದ!” ಎಂದೆ.

“ಏನಾಗ್ತದ?”

“ಗೊತ್ತಿಲ್ರಿ.”

“ನನಗೂ ಗೊತ್ತಿಲ್ಲ. ಮಾಡಿ ನೋಡೂಣು.”

ಹಣ್ಣು ತೊಳೆದು, ಮೂರನ್ನೂ ಬಾಟಲಿಗೆ ಹಿಂಡಿದರು. ಕಾಗದದಲ್ಲಿ ಸುತ್ತಿದ ಸೋಡಾ ಒಳಗೆ ಬಿಟ್ಟು, ಜೋಳದ ದಂಟಿನ ತುಂಡೊಂದನ್ನು ಬಾಯಿಗೆ ಬೂಚಿನಂತೆ ಒತ್ತಿದರು. ಒಳಗೆ ನೊರೆ ಏರಿತು. ಟಪ್ಪೆಂದು ಬೂಚು ಹಾರಿ ಮೇಲಿನ ತಗಡಿಗೆ ಬಡಿಯಿತು. ಅರ್ಧ ತರಗತಿ ಬೆಂಚಿನ ಕೆಳಗಿತ್ತು.

“ಹುಳಿ, ಸೋಡಾ ಕೂಡಿ ಗಾಳಿ ಹುಟ್ಯದ. ಜಾಗ ಸಾಲಲಿಲ್ಲ, ಬೂಚು ನೂಕ್ಯದ. ಅಷ್ಟ,” ಎಂದರು ಟೀಚರ್.

ಬೆಂಚಿನ ಕೆಳಗಿನಿಂದಲೇ ನನ್ನ ಗೆಳತಿ ಕೇಳಿದಳು: “ಆರು ಹಣ್ಣು ಹಿಂಡಿದ್ರ ಇನ್ನೂ ಜೋರ್ ಹಾರ್ತದೇನ್ರಿ?”

ಟೀಚರ್ ಸೆರಗಿಗೆ ಕೈ ಒರೆಸಿಕೊಂಡರು. “ನನಗೇನ್ ಗೊತ್ತು?”

ಮುಂದಿನ ಅಮಾವಾಸ್ಯೆಯ ಮರುದಿನ ಅವರು ಬಸ್ಸಿಳಿದು ಬಂದಾಗ ಮೂರು ದಾರಿಯಲ್ಲಿ ಒಂದೂ ನಿಂಬೆಹಣ್ಣು ಉಳಿದಿರಲಿಲ್ಲ. ಎಲ್ಲವೂ ನಮ್ಮ ಪಾಟಿಚೀಲಗಳಲ್ಲಿದ್ದವು.